‘ಕ್ರಿಸ್‌ಮಸ್‌ ಡೂ-ಓವರ್‌’: ಒಂದೇ ದಿನದಲ್ಲಿ ಸಿಲುಕಿದ ಅಪ್ಪನ ಕಥೆ

‘ಕ್ರಿಸ್‌ಮಸ್‌ ಡೂ-ಓವರ್‌’ ಅಮೆರಿಕದ ಎಬಿಸಿ ಫ್ಯಾಮಿಲಿ ಕೇಬಲ್‌ ವಾಹಿನಿಯಲ್ಲಿ 2006ರ ಡಿಸೆಂಬರ್‌ ತಿಂಗಳಲ್ಲಿ ಮೊದಲ ಬಾರಿಗೆ ಪ್ರಸಾರವಾದ ಹಾಸ್ಯಪ್ರಧಾನ ಕಿರುತೆರೆ ಚಿತ್ರ. ಕ್ಯಾಥರಿನ್‌ ಸೈರನ್‌ ಇದರ ನಿರ್ದೇಶಕಿ. ಜೇ ಮೋರ್‌ ಮತ್ತು ಡ್ಯಾಫ್ನಿ ಜುನಿಗಾ ಮುಖ್ಯ ಪಾತ್ರಗಳಲ್ಲಿ ಅಭಿನಯಿಸಿದ್ದಾರೆ. ಪತ್ನಿಯಿಂದ ವಿಚ್ಛೇದನ ಪಡೆದ, ತನ್ನ ಅನುಕೂಲವನ್ನು ಬಿಟ್ಟು ಬೇರೇನನ್ನೂ ಯೋಚಿಸದ ತಂದೆಯೊಬ್ಬ ಕ್ರಿಸ್‌ಮಸ್‌ ದಿನದೊಳಗೆ ಸಿಕ್ಕಿಬಿದ್ದು, ಅದೊಂದೇ ದಿನವನ್ನು ಮತ್ತೆ ಮತ್ತೆ ಬದುಕಬೇಕಾಗಿ ಬರುವುದು ಚಿತ್ರದ ವಸ್ತು.

ಡಿಸೆಂಬರ್‌ ಬಂತೆಂದರೆ ಅಮೆರಿಕದ ಟೀವಿ ವಾಹಿನಿಗಳಲ್ಲಿ ಹಬ್ಬದ ಚಿತ್ರಗಳ ಸುಗ್ಗಿ. ಆ ರಾಶಿಯಲ್ಲಿ ಇದನ್ನು ಮೇರುಕೃತಿ ಎಂದು ಯಾರೂ ಕರೆದಿಲ್ಲ. ಆದರೂ ಈ ಚಿತ್ರ ಗಮನಕ್ಕೆ ಅರ್ಹವಾಗಿದೆ. ಹತ್ತೊಂಬತ್ತನೇ ಶತಮಾನದ ಒಂದು ಮಕ್ಕಳ ಕಥೆ, 1990ರ ದಶಕದಲ್ಲಿ ಜನಪ್ರಿಯವಾದ ಒಂದು ಕಥನ ತಂತ್ರ ಹಾಗೂ ಅಮೆರಿಕದ ಕುಟುಂಬ ಜೀವನದಲ್ಲಾದ ಒಂದು ದೊಡ್ಡ ಬದಲಾವಣೆ, ಈ ಮೂರೂ ಇಲ್ಲಿ ಒಂದೆಡೆ ಸೇರಿವೆ.

‘ಡೂ-ಓವರ್‌’ ಎಂಬುದು ಅಮೆರಿಕದ ಮಕ್ಕಳು ಆಟದ ಬಯಲಿನಲ್ಲಿ ಬಳಸುವ ಮಾತು. ಎಸೆತ ತಪ್ಪಿದಾಗ ಅಥವಾ ಆಟದಲ್ಲಿ ತಕರಾರು ಬಂದಾಗ, ಆದದ್ದನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೊಮ್ಮೆ ಆಡೋಣ ಎಂಬುದು ಅದರ ಭಾವ. ಬದುಕಿನಲ್ಲಿ ಯಾರಿಗೂ ಸಿಗದ ಇಂಥ ಅವಕಾಶವೊಂದು ತಂದೆಗೆ ಸಿಕ್ಕರೆ ಏನಾದೀತು ಎಂಬ ಪ್ರಶ್ನೆಯನ್ನು ಚಿತ್ರ ಎತ್ತಿಕೊಳ್ಳುತ್ತದೆ.

ಕಥಾಸಾರ

ಕೆವಿನ್‌ ಚಿತ್ರದ ನಾಯಕ. ಅವನ ಮಗ ಬೆನ್‌, ತಾಯಿ ಜಿಲ್‌ ಜೊತೆಗಿದ್ದಾನೆ. ಕ್ರಿಸ್‌ಮಸ್‌ ದಿನ ಕೆವಿನ್‌ ತನ್ನ ಮಾಜಿ ಅತ್ತೆ-ಮಾವನ ಮನೆಗೆ ಬರುತ್ತಾನೆ. ಹಬ್ಬದ ಗದ್ದಲ ಅವನಿಗೆ ಬೇಡ, ಅಲ್ಲಿರುವವರಿಗೆ ಅವನೂ ಅಷ್ಟಾಗಿ ಬೇಡ. ಜಿಲ್‌ ಬದುಕಿನಲ್ಲಿ ಈಗ ಟಾಡ್‌ ಎಂಬ ಇನ್ನೊಬ್ಬನಿದ್ದಾನೆ. ಪ್ರತಿದಿನವೂ ಕ್ರಿಸ್‌ಮಸ್‌ ಆಗಿರಬಾರದೇ ಎಂದು ಪುಟ್ಟ ಬೆನ್‌ ಹಾರೈಸುತ್ತಾನೆ. ಮರುದಿನ ಕಣ್ಣುಬಿಟ್ಟ ಕೆವಿನ್‌ಗೆ ಅದೇ ಮನೆ, ಅದೇ ಮಾತು, ಅದೇ ಹಬ್ಬ ಎದುರಾಗುತ್ತವೆ. ಉಳಿದವರಿಗೆಲ್ಲ ಅದು ಹೊಸ ದಿನ. ನಿನ್ನೆಯ ನೆನಪು ಇರುವುದು ಅವನೊಬ್ಬನಿಗೆ ಮಾತ್ರ.

ಜಿಲ್‌ ಪಾತ್ರದಲ್ಲಿ ಡ್ಯಾಫ್ನಿ ಜುನಿಗಾ, ಆಕೆಯ ತಾಯಿಯಾಗಿ ಹಿರಿಯ ನಟಿ ಏಡ್ರಿಯನ್‌ ಬಾರ್ಬೊ, ಟಾಡ್‌ ಆಗಿ ಡೇವಿಡ್‌ ಮಿಲ್‌ಬರ್ನ್‌, ಬೆನ್‌ ಆಗಿ ಬಾಲನಟ ಲೋಗನ್‌ ಗ್ರೋವ್‌ ಇದ್ದಾರೆ. ಕೆವಿನ್‌ ಪಾತ್ರಕ್ಕೆ ಜೇ ಮೋರ್‌ ಆಯ್ಕೆ ಆಕಸ್ಮಿಕವೆಂದು ತೋರದು. ವೇದಿಕೆಯ ಮೇಲೆ ನಿಂತು ನಗಿಸುವ ಕಲಾವಿದರಾಗಿ ಹೆಸರು ಮಾಡಿದ ಅವರು, 1996ರ ‘ಜೆರ್ರಿ ಮಗ್ವಾಯರ್‌’ ಚಿತ್ರದಲ್ಲಿ ಸಹೋದ್ಯೋಗಿಯನ್ನೇ ಕೆಲಸದಿಂದ ಕಿತ್ತೊಗೆಯುವ ಸ್ವಾರ್ಥಿ ಏಜೆಂಟನ ಪಾತ್ರದಿಂದ ಪ್ರೇಕ್ಷಕರ ನೆನಪಿನಲ್ಲಿ ಉಳಿದಿದ್ದರು.

ಮೂಲ ಕಥೆಯಲ್ಲಿ ಬೇರೆಯೇ ಒಬ್ಬ ಅಪ್ಪ

ಈ ಚಿತ್ರ ಸ್ವತಂತ್ರ ಕಲ್ಪನೆಯಲ್ಲ. 1996ರಲ್ಲಿ ಬಂದ ‘ಕ್ರಿಸ್‌ಮಸ್‌ ಎವ್ರಿ ಡೇ’ ಎಂಬ ಕಿರುತೆರೆ ಚಿತ್ರದ ಮರುನಿರ್ಮಾಣ ಇದು. ಆ ಚಿತ್ರಕ್ಕೆ ಆಧಾರವಾದದ್ದು ವಿಲಿಯಂ ಡೀನ್‌ ಹೊವೆಲ್ಸ್‌ ಅವರ ಅದೇ ಹೆಸರಿನ ಮಕ್ಕಳ ಕಥೆ. ಹೊವೆಲ್ಸ್‌ (1837–1920) ಅಮೆರಿಕನ್‌ ಸಾಹಿತ್ಯದಲ್ಲಿ ವಾಸ್ತವವಾದಿ ಕಾದಂಬರಿಗೆ ನೆಲೆ ಒದಗಿಸಿದವರಲ್ಲಿ ಪ್ರಮುಖರು. ‘ದಿ ಅಟ್ಲಾಂಟಿಕ್‌ ಮಂತ್ಲಿ’ ಪತ್ರಿಕೆಯ ಸಂಪಾದಕರಾಗಿದ್ದವರು. ಅವರು ಮಕ್ಕಳಿಗೆಂದು ಬರೆದ ಕಥೆಗಳ ಸಂಕಲನಕ್ಕೂ ‘ಕ್ರಿಸ್‌ಮಸ್‌ ಎವ್ರಿ ಡೇ’ ಕಥೆಯೇ ಶೀರ್ಷಿಕೆಯಾಯಿತು.

ಪುಟ್ಟ ಹುಡುಗಿಯೊಬ್ಬಳು ವರ್ಷವಿಡೀ ಕ್ರಿಸ್‌ಮಸ್‌ ಬೇಕೆಂದು ಯಕ್ಷಿಯನ್ನು ಬೇಡುತ್ತಾಳೆ. ವರ ಸಿಗುತ್ತದೆ. ಕೆಲವು ದಿನ ಸಂಭ್ರಮ, ಆಮೇಲೆ ಸಂಕಟ. ಟರ್ಕಿ ಕೋಳಿಗಳು ಸಿಗದಂತಾಗಿ ಬೆಲೆ ಆಕಾಶಕ್ಕೇರುತ್ತದೆ. ಕ್ರಿಸ್‌ಮಸ್‌ ಮರಗಳಿಗಾಗಿ ಕಾಡುಗಳು ಬರಿದಾಗುತ್ತವೆ. ಉಡುಗೊರೆ ಕೊಂಡೂ ಕೊಂಡೂ ಜನ ಬಡವರಾಗುತ್ತಾರೆ, ಕೊನೆಗೆ ಉಡುಗೊರೆಗಳನ್ನು ಸಿಟ್ಟಿನಿಂದ ಎಸೆಯತೊಡಗುತ್ತಾರೆ. ಹುಡುಗಿಯೇ ಯಕ್ಷಿಯನ್ನು ಮತ್ತೆ ಬೇಡಿಕೊಂಡು ಹಬ್ಬವನ್ನು ವರ್ಷಕ್ಕೊಮ್ಮೆಗೆ ಮರಳಿಸಬೇಕಾಗುತ್ತದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಹೊವೆಲ್ಸ್‌ ಕಥೆಯಲ್ಲಿ ಕಾಲ ನಿಲ್ಲುವುದಿಲ್ಲ. ದಿನಗಳು ಮುಂದೆ ಸಾಗುತ್ತವೆ, ಹಬ್ಬ ಮಾತ್ರ ಬಿಟ್ಟುಹೋಗುವುದಿಲ್ಲ. ಅದರ ಭಾರವನ್ನು ಊರಿಗೆ ಊರೇ ಹೊರುತ್ತದೆ. ಅದು ಅತಿಯಾದ ಕೊಳ್ಳುವಿಕೆಯನ್ನು ಕುರಿತ ವಿಡಂಬನೆ. ಎರಡನೆಯದು ಕಥೆಯ ಚೌಕಟ್ಟಿಗೆ ಸಂಬಂಧಿಸಿದ್ದು. ಈ ಕಥೆಯನ್ನು ಹೇಳುವವನು ಒಬ್ಬ ತಂದೆ. ಬೆಳಗಿನ ಉಪಾಹಾರಕ್ಕೆ ಮುನ್ನ ಮಗಳು ಬಂದು ಕಥೆ ಕೇಳುತ್ತಾಳೆ. ಕೆಲಸವಿದೆ ಎಂದು ಅವನು ತಪ್ಪಿಸಿಕೊಳ್ಳಲು ನೋಡುತ್ತಾನೆ, ಮಗಳು ಬಿಡುವುದಿಲ್ಲ. ಅವನು ಕಥೆ ಆರಂಭಿಸುತ್ತಾನೆ. ಮಗುವಿಗೆ ಸಮಯ ಕೊಡಲು ಒಂದು ಕ್ಷಣ ಹಿಂಜರಿದು, ಮರುಕ್ಷಣ ಸೋಲುವ ಅಪ್ಪ ಮೂಲದಲ್ಲಿದ್ದರೆ, 2006ರ ಚಿತ್ರದಲ್ಲಿರುವುದು ಹಾಗೆ ಸೋಲಲು ಒಪ್ಪದ ಅಪ್ಪ.

ಹಾರೈಕೆ ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ

ಫ್ಯಾಮಿಲಿ ಚಾನೆಲ್‌ ಎಂಬ ಕೇಬಲ್‌ ವಾಹಿನಿ 1996ರಲ್ಲಿ ಡಿಸೆಂಬರ್‌ 1ರಿಂದ 25ರವರೆಗೆ ಹಬ್ಬದ ಕಾರ್ಯಕ್ರಮಗಳನ್ನೇ ಪ್ರಸಾರ ಮಾಡುವ ‘25 ಡೇಸ್‌ ಆಫ್‌ ಕ್ರಿಸ್‌ಮಸ್‌’ ಎಂಬ ಯೋಜನೆ ಆರಂಭಿಸಿತು. ಮೊದಲ ‘ಕ್ರಿಸ್‌ಮಸ್‌ ಎವ್ರಿ ಡೇ’ ಚಿತ್ರ ಅದೇ ವರ್ಷ ಅದೇ ವಾಹಿನಿಯಲ್ಲಿ ಬಂತು. ವಾಹಿನಿ ಕೈ ಬದಲಾಯಿಸುತ್ತ 1998ರಲ್ಲಿ ಫಾಕ್ಸ್‌ ಫ್ಯಾಮಿಲಿ, 2001ರಲ್ಲಿ ಡಿಸ್ನಿ ಒಡೆತನದ ಎಬಿಸಿ ಫ್ಯಾಮಿಲಿ, 2016ರಲ್ಲಿ ಫ್ರೀಫಾರ್ಮ್‌ ಎಂದು ಹೆಸರು ಬದಲಿಸಿಕೊಂಡಿತು. ಹತ್ತು ವರ್ಷಗಳ ಅಂತರದಲ್ಲಿ ಒಂದೇ ವಾಹಿನಿ ತನ್ನ ಕಥೆಯನ್ನೇ ಮತ್ತೊಮ್ಮೆ ಹೇಳಿತು ಎನ್ನಬಹುದು.

ಲ್ಯಾರಿ ಪಿಯರ್ಸ್‌ ನಿರ್ದೇಶನದ 1996ರ ಚಿತ್ರದಲ್ಲಿ ನಾಯಕ ಬಿಲ್ಲಿ ಎಂಬ ಹದಿಹರೆಯದ ಹುಡುಗ. ಹಾರೈಸುವವಳು ಅವನ ಪುಟ್ಟ ತಂಗಿ. ಸುಳಿಯಲ್ಲಿ ಸಿಲುಕುವವನು ಅಣ್ಣ. ಮೂಲ ಕಥೆಯಲ್ಲಿ ಬೇಡಿದವಳೇ ಫಲ ಉಂಡಿದ್ದಳು, ಇಲ್ಲಿ ಬೇಡುವವರು ಮತ್ತು ಉಣ್ಣುವವರು ಬೇರೆಯಾದರು. 2006ರ ಚಿತ್ರ ಇನ್ನೊಂದು ಹೆಜ್ಜೆ ಮುಂದಿಟ್ಟು ಅಣ್ಣನ ಜಾಗದಲ್ಲಿ ಅಪ್ಪನನ್ನು ನಿಲ್ಲಿಸಿತು. ಈ ಒಂದು ಬದಲಾವಣೆಯಿಂದ ಕಥೆಯ ತೂಕವೇ ಬೇರೆಯಾಯಿತು. ಹದಿಹರೆಯದ ಹುಡುಗನ ಸ್ವಾರ್ಥ ವಯಸ್ಸಿನೊಂದಿಗೆ ಕರಗಬಹುದು. ಮೂವತ್ತು ದಾಟಿದ ತಂದೆಯ ಸ್ವಾರ್ಥಕ್ಕೆ ಅಷ್ಟರಲ್ಲಿ ಬೆಲೆ ತೆತ್ತಾಗಿರುತ್ತದೆ, ತೆತ್ತವರಲ್ಲಿ ಮಗುವೂ ಸೇರಿರುತ್ತದೆ.

ಕಾಲದ ಸುಳಿ ಎಂಬ ತಂತ್ರ

ದಿನವೊಂದು ಮರುಕಳಿಸುವ ಈ ತಂತ್ರವನ್ನು ಮನೆಮಾತಾಗಿಸಿದ್ದು 1993ರ ಫೆಬ್ರವರಿಯಲ್ಲಿ ತೆರೆಕಂಡ ‘ಗ್ರೌಂಡ್‌ಹಾಗ್‌ ಡೇ’. ಹೆರಾಲ್ಡ್‌ ರೇಮಿಸ್‌ ನಿರ್ದೇಶಿಸಿದ ಈ ಚಿತ್ರದ ಮೂಲ ಕಲ್ಪನೆ ಡ್ಯಾನಿ ರೂಬಿನ್‌ ಅವರದು. ಪೆನ್ಸಿಲ್ವೇನಿಯಾದ ಪುಟ್ಟ ಊರಿಗೆ ವರದಿಗೆಂದು ಹೋದ ಹವಾಮಾನ ನಿರೂಪಕ ಫೆಬ್ರವರಿ 2ನೇ ತಾರೀಖಿನಲ್ಲೇ ಸಿಲುಕಿಕೊಳ್ಳುತ್ತಾನೆ. ಬಿಲ ಬಿಟ್ಟು ಬರುವ ಪ್ರಾಣಿಯೊಂದು ತನ್ನ ನೆರಳನ್ನು ಕಂಡರೆ ಚಳಿಗಾಲ ಇನ್ನೂ ಆರು ವಾರ ಮುಂದುವರಿಯುತ್ತದೆ ಎಂಬ ನಂಬಿಕೆಯ ದಿನವದು. ಬಿಲ್‌ ಮರ್ರೆ ನಟಿಸಿದ ಈ ಚಿತ್ರವನ್ನು 2006ರಲ್ಲಿ, ‘ಕ್ರಿಸ್‌ಮಸ್‌ ಡೂ-ಓವರ್‌’ ಬಂದ ವರ್ಷದಲ್ಲೇ, ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಪಟ್ಟಿಗೆ ಸೇರಿಸಲಾಯಿತು. ಅದಕ್ಕೂ ಇಪ್ಪತ್ತು ವರ್ಷ ಮುನ್ನವೇ, 1973ರಲ್ಲಿ, ರಿಚರ್ಡ್‌ ಲುಪಾಫ್‌ ಒಂದೇ ಗಂಟೆ ಮರುಕಳಿಸುವ ಕಥೆಯನ್ನು ಬರೆದಿದ್ದರು.

ಈ ಬಗೆಯ ಚಿತ್ರಗಳಿಗೆ ತಮ್ಮದೇ ಆದ ವ್ಯಾಕರಣವಿದೆ. ನಾಯಕ ಮೊದಲು ಗಾಬರಿಯಾಗುತ್ತಾನೆ. ಮುಂದೆ ಏನಾಗುವುದೆಂದು ತನಗೊಬ್ಬನಿಗೇ ಗೊತ್ತೆಂಬುದು ಅರಿವಾದೊಡನೆ ಅದರ ಲಾಭ ಪಡೆಯಲು ಹೊರಡುತ್ತಾನೆ. ಏನು ಮಾಡಿದರೂ ಉಳಿಯದೆಂದು ಕಂಡಾಗ ಹತಾಶನಾಗುತ್ತಾನೆ. ಬೇರೆಯವರನ್ನು ಗಮನಿಸಲು ಕಲಿತ ಮೇಲಷ್ಟೇ ಬಿಡುಗಡೆ. ಕೆವಿನ್‌ ಸಾಗುವುದೂ ಇದೇ ದಾರಿಯಲ್ಲಿ.

ಹಬ್ಬದ ದಿನಕ್ಕೂ ಈ ತಂತ್ರಕ್ಕೂ ಸಹಜವಾದ ನಂಟಿದೆ. ಹಬ್ಬವೆಂದರೆ ಮೊದಲೇ ಮರುಕಳಿಸುವ ದಿನ. ಅದೇ ಅಡುಗೆ, ಅದೇ ಅಲಂಕಾರ, ಅದೇ ನೆಂಟರು, ಅದೇ ಹಳೆಯ ಜಗಳ. ಪ್ರೇಕ್ಷಕರಿಗೆ ಇದು ಅಪರಿಚಿತ ಲೋಕವಲ್ಲ. ಒಂದೇ ಇರುಳಿನಲ್ಲಿ ಜಿಪುಣನೊಬ್ಬನ ಮನಸ್ಸು ತಿರುಗುವ ಚಾರ್ಲ್ಸ್‌ ಡಿಕನ್ಸ್‌ ಅವರ ‘ಎ ಕ್ರಿಸ್‌ಮಸ್‌ ಕ್ಯಾರೊಲ್‌’ 1843ರಲ್ಲಿ ಪ್ರಕಟವಾದಂದಿನಿಂದ ಕ್ರಿಸ್‌ಮಸ್‌ ಎಂಬುದು ಇಂಗ್ಲಿಷ್‌ ಕಥನದಲ್ಲಿ ಸ್ವಾರ್ಥಿ ಗಂಡಸು ತಿದ್ದಿಕೊಳ್ಳುವ ದಿನವೂ ಆಗಿದೆ. ನಿರ್ಮಾಪಕರಿಗೂ ಅನುಕೂಲವುಂಟು. ಒಂದು ಮನೆ, ಒಂದು ದಿನದ ಉಡುಪು, ಬೆರಳೆಣಿಕೆಯ ನಟರು ಇದ್ದರೆ ಇಡೀ ಚಿತ್ರ ಸಾಗುತ್ತದೆ. ಕಿರುತೆರೆಯ ಮಿತವ್ಯಯಕ್ಕೆ ಇದು ಒಗ್ಗುವಂಥದು.

ವಿಚ್ಛೇದಿತ ತಂದೆ ನಾಯಕನಾದದ್ದು

ಕಾಲದ ಸುಳಿ ಒಂದು ಕವಲಾದರೆ, ವಿಚ್ಛೇದಿತ ತಂದೆಯ ಹಾಸ್ಯಚಿತ್ರ ಇನ್ನೊಂದು ಕವಲು. ಯಾರ ತಪ್ಪು ಎಂದು ಸಾಬೀತುಪಡಿಸದೆ ವಿಚ್ಛೇದನ ಪಡೆಯಬಹುದಾದ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1970ರ ಜನವರಿ 1ರಿಂದ ಜಾರಿಗೆ ಬಂತು. ಒಂದೊಂದಾಗಿ ಉಳಿದ ರಾಜ್ಯಗಳೂ ಅದನ್ನು ಅನುಸರಿಸಿದವು, ಕೊನೆಯದಾಗಿ 2010ರಲ್ಲಿ ನ್ಯೂಯಾರ್ಕ್‌. ಅಮೆರಿಕದಲ್ಲಿ ವಿಚ್ಛೇದನದ ಪ್ರಮಾಣ 1980ರ ಆಸುಪಾಸಿನಲ್ಲಿ ತುತ್ತತುದಿ ಮುಟ್ಟಿ ಆಮೇಲೆ ಇಳಿಯಿತು. ಆ ವರ್ಷಗಳಲ್ಲಿ ಬೆಳೆದ ಮಕ್ಕಳೇ ಮುಂದೆ ಚಿತ್ರಗಳ ಪ್ರೇಕ್ಷಕರೂ ಆದರು.

ಮಗನನ್ನು ಯಾರು ಇಟ್ಟುಕೊಳ್ಳಬೇಕೆಂಬ ಹೋರಾಟವನ್ನು 1979ರ ‘ಕ್ರೇಮರ್‌ ವರ್ಸಸ್‌ ಕ್ರೇಮರ್‌’ ಗಂಭೀರವಾಗಿ ತೆರೆಗೆ ತಂದಿತ್ತು. ತೊಂಬತ್ತರ ದಶಕ ಅದೇ ನೋವನ್ನು ನಗೆಗೆ ತಿರುಗಿಸಿತು. 1993ರ ‘ಮಿಸೆಸ್‌ ಡೌಟ್‌ಫೈರ್‌’ ಚಿತ್ರದ ತಂದೆ ಮಕ್ಕಳ ಬಳಿ ಇರಲು ಹೆಣ್ಣುವೇಷ ಧರಿಸುತ್ತಾನೆ. 1994ರ ‘ದಿ ಸಾಂಟಾ ಕ್ಲಾಸ್‌’ ಚಿತ್ರದಲ್ಲಿ ವಿಚ್ಛೇದಿತ ತಂದೆಯೇ ಸಾಂಟಾ ಆಗಿಬಿಡುತ್ತಾನೆ. 1997ರ ‘ಲಯರ್‌ ಲಯರ್‌’ ಚಿತ್ರದಲ್ಲಿ ಕೊಟ್ಟ ಮಾತು ತಪ್ಪುವ ವಕೀಲ ತಂದೆ, ಹುಟ್ಟುಹಬ್ಬದಂದು ಮಗ ಹಾರೈಸಿದ ಕಾರಣ ಒಂದಿಡೀ ದಿನ ಸುಳ್ಳು ಹೇಳಲಾರದೆ ಒದ್ದಾಡುತ್ತಾನೆ. ಕೆವಿನ್‌ಗೆ ತೀರ ಹತ್ತಿರದ ಬಂಧು ಈ ವಕೀಲನೇ. ಎರಡರಲ್ಲಿಯೂ ಹಾರೈಸುವುದು ಮಗು, ಬಂಧನಕ್ಕೆ ಒಳಗಾಗುವುದು ತಂದೆ.

ಹಂಚಿಕೊಂಡ ಹಬ್ಬ

ಈ ಚಿತ್ರಗಳು ಡಿಸೆಂಬರ್‌ 25ರ ಸುತ್ತಲೇ ಏಕೆ ಸುತ್ತುತ್ತವೆ ಎಂಬುದಕ್ಕೆ ಕಾನೂನಿನ ಪುಟಗಳಲ್ಲಿ ಉತ್ತರವಿದೆ. ಬೇರೆಯಾದ ತಂದೆ-ತಾಯಿಯ ನಡುವೆ ಮಗುವಿನ ದಿನಗಳನ್ನು ಹಂಚುವಾಗ ಅಮೆರಿಕದ ನ್ಯಾಯಾಲಯಗಳು ಹಬ್ಬಗಳನ್ನು ಪ್ರತ್ಯೇಕವಾಗಿ ಹೆಸರಿಸುತ್ತವೆ. ಟೆಕ್ಸಾಸ್‌ ರಾಜ್ಯದ ಕುಟುಂಬ ಸಂಹಿತೆಯನ್ನು ಉದಾಹರಣೆಗೆ ನೋಡಬಹುದು. ಅದರ ಮಾದರಿ ಆದೇಶದಂತೆ, ಮಗು ಯಾರ ಮನೆಯಲ್ಲಿ ಕಾಯಂ ವಾಸವಾಗಿಲ್ಲವೋ ಆ ತಂದೆ ಅಥವಾ ತಾಯಿಗೆ ಸರಿಸಂಖ್ಯೆಯ ವರ್ಷಗಳಲ್ಲಿ ಶಾಲೆಗೆ ರಜೆ ಸಿಕ್ಕಾಗಿನಿಂದ ಡಿಸೆಂಬರ್‌ 28ರ ಮಧ್ಯಾಹ್ನದವರೆಗೆ ಮಗು ಸಿಗುತ್ತದೆ. ಬೆಸಸಂಖ್ಯೆಯ ವರ್ಷಗಳಲ್ಲಿ ಅವರ ಸರದಿ ಶುರುವಾಗುವುದೇ 28ರ ಮಧ್ಯಾಹ್ನದಿಂದ. ಅಂದರೆ ಕ್ರಿಸ್‌ಮಸ್‌ ದಿನ ದೊರೆಯುವುದು ವರ್ಷ ಬಿಟ್ಟು ವರ್ಷ.

ಲೆಕ್ಕ ಸರಳ. ಮಗುವಿಗೆ 8 ವರ್ಷವಿರುವಾಗ ತಂದೆ-ತಾಯಿ ಬೇರೆಯಾದರೆ, 18 ತುಂಬುವವರೆಗಿನ ಹತ್ತು ಹಬ್ಬಗಳಲ್ಲಿ ಇಂಥ ತಂದೆಯ ಪಾಲಿಗೆ ಬರುವುದು ಐದು. ಒಂದನ್ನು ಕೆಲಸದ ನೆಪದಲ್ಲಿ, ಇನ್ನೊಂದನ್ನು ಬೇಸರದಲ್ಲಿ ಕಳೆದರೆ ಉಳಿಯುವುದು ಮೂರು.

ಈ ಹಿನ್ನೆಲೆಯಲ್ಲಿ ಕೆವಿನ್‌ಗೆ ಒದಗಿದ ಪಾಡು ವಿಚಿತ್ರವಾಗಿ ಕಾಣುತ್ತದೆ. ಅವನು ಅದನ್ನು ಶಿಕ್ಷೆಯೆಂದು ಭಾವಿಸುತ್ತಾನೆ, ಮಾಜಿ ಅತ್ತೆಯ ಮನೆಯಿಂದ ತಪ್ಪಿಸಿಕೊಳ್ಳಲು ಹೆಣಗುತ್ತಾನೆ. ಆದರೆ ಅವನಿಗೆ ಸಿಕ್ಕಿರುವುದು ಯಾವ ನ್ಯಾಯಾಲಯವೂ ಯಾವ ತಂದೆಗೂ ಕೊಡಲಾರದ ವಸ್ತು: ಮಗನೊಂದಿಗೆ ಲೆಕ್ಕವಿಲ್ಲದಷ್ಟು ಹಬ್ಬದ ದಿನಗಳು. ಶಾಪವೆಂದು ತಿಳಿದದ್ದು ಪಾಲಿಗೆ ಬಂದ ಹೆಚ್ಚಿನ ಸಮಯವೆಂದು ಅವನಿಗೆ ತಿಳಿಯಲು ಬೇಕಾಗುವ ಅವಧಿಯೇ ಚಿತ್ರದ ಅವಧಿ.

ನೆನಪಿನ ಪ್ರಶ್ನೆ

ಹಾಸ್ಯಚಿತ್ರವಾಗಿ ಇದು ತನ್ನ ಕೆಲಸ ಮಾಡುತ್ತದೆ. ಆದರೆ ಒಂದು ಕಷ್ಟದ ಪ್ರಶ್ನೆಯನ್ನು ಬದಿಗೆ ಸರಿಸಿಯೇ ಮಾಡುತ್ತದೆ. ಸುಳಿಯೊಳಗೆ ನೆನಪು ಉಳಿಯುವುದು ತಂದೆಗೆ ಮಾತ್ರ. ಮಗನ ಮನಸ್ಸು ಪ್ರತಿ ಬೆಳಿಗ್ಗೆ ಒರೆಸಿದ ಸ್ಲೇಟಿನಂತೆ ಶುಭ್ರ. ತಂದೆ ಎಷ್ಟು ಬಾರಿ ಸಿಡುಕಿದರೂ, ಎಷ್ಟು ಬಾರಿ ನಿರಾಸೆಗೊಳಿಸಿದರೂ ಮಗನಿಗೆ ಅದರ ಅರಿವಿಲ್ಲ. ಅವನ ಪಾಲಿಗೆ ಉಳಿಯುವುದು ಕೊನೆಯ ಬಾರಿಯ, ಎಲ್ಲವೂ ಸರಿಹೋದ ಹಬ್ಬವೊಂದೇ. ತಂದೆ ತಪ್ಪುಗಳಿಂದ ಕಲಿಯುತ್ತಾನೆ, ತಪ್ಪುಗಳಿಗೆ ಸಾಕ್ಷಿ ಇರುವುದಿಲ್ಲ.

‘ಗ್ರೌಂಡ್‌ಹಾಗ್‌ ಡೇ’ ಚಿತ್ರದ ನಾಯಕನಿಗೆ ಮಕ್ಕಳಿರಲಿಲ್ಲ. ಅವನು ತಿದ್ದಿಕೊಳ್ಳಬೇಕಾದದ್ದು ತನ್ನನ್ನು. ಕೆವಿನ್‌ಗೆ ಸುಳಿ ಆರಂಭವಾಗುವ ಮುನ್ನಿನ ವರ್ಷಗಳೂ ಇವೆ. ಆ ವರ್ಷಗಳಲ್ಲಿ ಮಗ ಕಾದದ್ದು, ತಂದೆ ಬಾರದೇ ಇದ್ದದ್ದು ಯಾವ ಮಾಯೆಯಿಂದಲೂ ಅಳಿಸಿಹೋಗುವುದಿಲ್ಲ. ಒಂದು ಒಳ್ಳೆಯ ದಿನ ಹಿಂದಿನದನ್ನೆಲ್ಲ ತೀರಿಸಿಬಿಡುತ್ತದೆಂಬ ಭರವಸೆ ಹಬ್ಬದ ಚಿತ್ರಗಳ ರೂಢಿಯ ಸುಳ್ಳು. ಪ್ರೇಕ್ಷಕರಿಗೆ ಅದು ಸುಳ್ಳೆಂದು ಗೊತ್ತು, ಒಂದೂವರೆ ಗಂಟೆಯ ಮಟ್ಟಿಗೆ ಒಪ್ಪಿಕೊಳ್ಳಲು ಅವರು ಸಿದ್ಧರಿರುತ್ತಾರೆ.

ನಂತರ ಬಂದ ಚಿತ್ರಗಳು

ಕ್ರಿಸ್‌ಮಸ್‌ ಮತ್ತು ಕಾಲದ ಸುಳಿಯ ಜೋಡಿ ಕಿರುತೆರೆಯನ್ನು ಬಿಟ್ಟುಹೋಗಲಿಲ್ಲ. ಡಿಸ್ನಿಯ 1999ರ ‘ಮಿಕ್ಕೀಸ್‌ ಒನ್ಸ್‌ ಅಪಾನ್‌ ಎ ಕ್ರಿಸ್‌ಮಸ್‌’ ವಿಡಿಯೋ ಚಿತ್ರದಲ್ಲಿ ಡೊನಾಲ್ಡ್‌ ಡಕ್‌ನ ಮೂವರು ಸೋದರಳಿಯಂದಿರು ಇದೇ ಹಾರೈಕೆ ಮಾಡಿ ಪೇಚಿಗೆ ಸಿಲುಕಿದ್ದರು. ಎಬಿಸಿ ಫ್ಯಾಮಿಲಿಯೇ 2011ರಲ್ಲಿ ‘12 ಡೇಟ್ಸ್‌ ಆಫ್‌ ಕ್ರಿಸ್‌ಮಸ್‌’ ಚಿತ್ರದ ಮೂಲಕ ಯುವತಿಯೊಬ್ಬಳನ್ನು ಡಿಸೆಂಬರ್‌ 24ರಲ್ಲಿ ನಿಲ್ಲಿಸಿತು. 2020ರ ಬ್ರೆಜಿಲ್‌ ಚಿತ್ರ ‘ಜಸ್ಟ್‌ ಅನದರ್‌ ಕ್ರಿಸ್‌ಮಸ್‌’ ತಂತ್ರವನ್ನು ತಲೆಕೆಳಗಾಗಿಸಿತು. ಅದರ ನಾಯಕ ಪ್ರತಿ ಬಾರಿ ಕಣ್ಣುಬಿಟ್ಟಾಗ ಒಂದು ವರ್ಷ ಕಳೆದಿರುತ್ತದೆ, ನಡುವಿನ ದಿನಗಳ ನೆನಪು ಅವನಿಗಿರುವುದಿಲ್ಲ. ಮಕ್ಕಳು ಬೆಳೆಯುತ್ತಲೇ ಹೋಗುತ್ತಾರೆ.

ಇವುಗಳಲ್ಲಿ ‘ಕ್ರಿಸ್‌ಮಸ್‌ ಡೂ-ಓವರ್‌’ಗೆ ನೇರ ಉತ್ತರದಂತಿರುವುದು 2021ರಲ್ಲಿ ಡಿಸ್ನಿ ಚಾನೆಲ್‌ನಲ್ಲಿ ಬಂದ ‘ಕ್ರಿಸ್‌ಮಸ್‌ ಅಗೇನ್‌’. ತಂದೆ-ತಾಯಿಯ ವಿಚ್ಛೇದನದ ನಂತರದ ಹಬ್ಬ ಹಿಂದಿನಂತಿಲ್ಲವೆಂದು ನೊಂದ ಹುಡುಗಿ ಇನ್ನೊಂದು ಅವಕಾಶ ಬೇಡುತ್ತಾಳೆ, ಅದೇ ದಿನದಲ್ಲಿ ಸಿಲುಕುತ್ತಾಳೆ. ಇಲ್ಲಿ ಎಲ್ಲವನ್ನೂ ನೆನಪಿಟ್ಟುಕೊಳ್ಳುವವಳು ಮಗು. ದಿನ ಎಷ್ಟು ಬಾರಿ ಮರುಕಳಿಸಿದರೂ ಮನೆ ಒಡೆದದ್ದು ಹಾಗೆಯೇ ಇರುತ್ತದೆ. ಹದಿನೈದು ವರ್ಷಗಳ ಹಿಂದೆ ತಂದೆಯ ಕಡೆಯಿಂದ ಹೇಳಿದ್ದನ್ನು ಅದೇ ಸಂಸ್ಥೆಯ ಇನ್ನೊಂದು ವಾಹಿನಿ ಮಗಳ ಕಡೆಯಿಂದ ಹೇಳಿತು.

ಭಾರತೀಯ ಚಿತ್ರರಂಗದಲ್ಲಿ ಈ ತಂತ್ರ ವ್ಯಾಪಕವಾಗಿ ಕಾಣಿಸಿಕೊಂಡದ್ದು 2021ರಲ್ಲಿ. ‘ಲೂಸಿಯಾ’ ಖ್ಯಾತಿಯ ಕನ್ನಡದ ನಿರ್ದೇಶಕ ಪವನ್‌ ಕುಮಾರ್‌ ಆ ವರ್ಷ ತೆಲುಗಿನಲ್ಲಿ ‘ಕುಡಿ ಎಡಮೈತೆ’ ವೆಬ್‌ ಸರಣಿಯನ್ನು ನಿರ್ದೇಶಿಸಿದರು. ನವೆಂಬರ್‌ನಲ್ಲಿ ವೆಂಕಟ್‌ ಪ್ರಭು ಅವರ ತಮಿಳು ಚಿತ್ರ ‘ಮಾನಾಡು’ ತೆರೆಕಂಡಿತು. ಜರ್ಮನಿಯ ‘ರನ್‌ ಲೋಲಾ ರನ್‌’ ಚಿತ್ರದ ಹಿಂದಿ ರೂಪ ‘ಲೂಪ್‌ ಲಪೇಟಾ’ 2022ರಲ್ಲಿ ಬಂತು. ಇವು ಅಪರಾಧ, ರಾಜಕೀಯ, ಪ್ರೇಮಗಳ ಸುತ್ತ ಹೆಣೆದ ಕಥೆಗಳು. ಹಬ್ಬದ ಮನೆಯನ್ನೂ ಬೇರೆಯಾದ ಕುಟುಂಬವನ್ನೂ ಸುಳಿಯೊಳಗೆ ತಂದವುಗಳಲ್ಲ.

ಹೊವೆಲ್ಸ್‌ ಕಥೆಯ ಹುಡುಗಿ ಹಬ್ಬ ವರ್ಷಕ್ಕೊಮ್ಮೆ ಬಂದರೆ ಸಾಕೆಂದು ಕಲಿತಳು. ಕೆವಿನ್‌ ಕಲಿಯಬೇಕಾದ ಪಾಠವೂ ಕೊನೆಗೆ ಅದೇ, ಆದರೆ ಕಾರಣ ಬೇರೆ. ಒಮ್ಮೆ ಮಾತ್ರ ಬರುವ ದಿನಕ್ಕೆ ಮನೆಯಲ್ಲಿ ಹಾಜರಿರಬೇಕಾಗುತ್ತದೆ. ಸುಳಿ ಬಿಚ್ಚಿಕೊಂಡು ಡಿಸೆಂಬರ್‌ 26 ಬಂದಾಗ ಮಗನಿಗೂ ನೆನಪು ಉಳಿಯತೊಡಗುತ್ತದೆ. ಅಂದಿನಿಂದ ಅವನ ತಂದೆಗೆ ಮತ್ತೊಮ್ಮೆ ಆಡುವ ಅವಕಾಶವಿಲ್ಲ.